ಹಾರರ್ ಅಂದರೆ ಯಾವ ಹಾರರ್?

ಗೇಮ್ ಮಾಸ್ಟರ್ ಆಗಿ, ಅಂದರೆ ಕಥೆ ಹೇಳುತ್ತಾ ಆಟ ನಡೆಸುವಾಗ, ನಾನು ಮಾಡಿದ ದೊಡ್ಡ ತಪ್ಪು ಎರಡನೇ ಸೆಷನ್‌ನಲ್ಲೇ ಬಯಲಾಯಿತು. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಐದನೇ ಆವೃತ್ತಿ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ. ಗೆಳತಿಯೊಬ್ಬಳು ಮೊದಲ ಲೆವೆಲ್‌ನ ವಿಝರ್ಡ್, ಅಂದರೆ ಮಾಂತ್ರಿಕನ ಪಾತ್ರ ಮಾಡಿಕೊಂಡು ಬಂದಿದ್ದಳು. 8 ಹಿಟ್ ಪಾಯಿಂಟ್ (ಪಾತ್ರ ಎಷ್ಟು ಪೆಟ್ಟು ತಾಳುತ್ತದೆ ಅನ್ನುವ ಲೆಕ್ಕ), ಜೊತೆಗೆ ಆರು ಪುಟದ ಹಿನ್ನೆಲೆ ಕಥೆ. ಕಾಣೆಯಾದ ತಮ್ಮ, ಸುಟ್ಟುಹೋದ ಊರು, ಎಲ್ಲ ಇತ್ತು. ಆ ಪಾತ್ರ ನಾನು ಇಟ್ಟಿದ್ದ 30 ಅಡಿ ಆಳದ ಗುಂಡಿಗೆ ಬಿತ್ತು. ಪೆಟ್ಟಿನ ಲೆಕ್ಕಕ್ಕೆ 10 ಅಡಿಗೆ ಒಂದರಂತೆ ಆರು ಮುಖದ ಮೂರು ದಾಳ. ಎಲ್ಲರ ಎದುರೇ ಉರುಳಿಸಿದೆ. 16 ಬಿತ್ತು.

ಆ ಆವೃತ್ತಿಯಲ್ಲಿ ಹಿಟ್ ಪಾಯಿಂಟ್ ಸೊನ್ನೆಯಾದರೆ ಸಾಮಾನ್ಯವಾಗಿ ಡೆತ್ ಸೇವ್, ಅಂದರೆ ದಾಳ ಉರುಳಿಸಿ ಬದುಕುಳಿಯುವ ಅವಕಾಶ, ಇರುತ್ತದೆ. ಆದರೆ ಸೊನ್ನೆಗೆ ಇಳಿದ ಮೇಲೆ ಮಿಕ್ಕ ಪೆಟ್ಟು ಪಾತ್ರದ ಪೂರ್ತಿ ಹಿಟ್ ಪಾಯಿಂಟ್‌ನಷ್ಟಿದ್ದರೆ ಅಲ್ಲೇ ಸಾವು. 16ರಲ್ಲಿ 8 ಹೋದರೆ 8. ಲೆಕ್ಕ ಸರಿಯಾಗಿ ಕೂತಿತು. ಮೂರು ದಾಳದಲ್ಲಿ 16 ಅಥವಾ ಅದಕ್ಕಿಂತ ಜಾಸ್ತಿ ಬೀಳುವ ಸಾಧ್ಯತೆ 216ಕ್ಕೆ 10 ಮಾತ್ರ. ನನಗೆ ಆಗಲೇ ಬೀಳಬೇಕಿತ್ತಾ!

"ನೀನು ಬೇರೆ ನಂಬರ್ ಹೇಳಬಹುದಿತ್ತಲ್ವಾ?" ಅಂತ ಕೇಳಿದಳು. "ದಾಳ ಹೇಳಿದ ಮೇಲೆ ಮುಗೀತು" ಅಂದೆ. ಅದೇ ನ್ಯಾಯ ಅಂತ ನಂಬಿದ್ದೆ. ಅವಳು ಆರು ಪುಟ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆ ಗುಂಪು ಇನ್ನೆರಡು ವಾರ ಸೇರಿತು, ಆಮೇಲೆ ಎಲ್ಲರಿಗೂ ಏನೋ ಒಂದು ಕೆಲಸ ಬಂತು.

ಬಹಳ ದಿನ ನಾನು ಅವಳದ್ದೇ ತಪ್ಪು ಅಂದುಕೊಂಡಿದ್ದೆ. ಈ ಆಟ 1974ರಲ್ಲಿ ಮೊದಲು ಅಚ್ಚಾದಾಗ ಬಂದದ್ದೇ ಯುದ್ಧದ ಆಟಗಳ ಬೇರಿನಿಂದ, ಪಾತ್ರ ಸಾಯುವುದು ಅದರಲ್ಲಿ ಮಾಮೂಲು, ಇಷ್ಟೂ ಗೊತ್ತಿಲ್ಲವಾ ಅಂತ. ಅವಳಿಗೆ ಯಾಕೆ ಗೊತ್ತಿರಬೇಕು? ನಾನು ಹೇಳಿಯೇ ಇರಲಿಲ್ಲ. "ಬಾ, ಸಾಹಸದ ಕಥೆ ಆಡೋಣ" ಅಂತ ಕರೆದಿದ್ದೆ. ಅವಳು ಕಥೆಗೆ ಬಂದಳು, ನಾನು ಸಾಹಸ ಇಟ್ಟಿದ್ದೆ.

ಮುಂದಿನ ಗುಂಪಿಗೆ ಸೆಷನ್ ಝೀರೋ ಮಾಡಿದೆ. ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಏನು ಆಡುತ್ತೇವೆ, ಹೇಗೆ ಆಡುತ್ತೇವೆ ಅಂತ ಮಾತಾಡಿಕೊಳ್ಳುವುದು. ಎರಡು ಪುಟದ ಪ್ರಶ್ನೆಪಟ್ಟಿ ಮಾಡಿದ್ದೆ. ಹಾರರ್ ಬೇಕಾ? ಬೇಕು. ಸೀರಿಯಸ್ ಆಟವಾ? ಹೌದು. ಪಾತ್ರ ಸಾಯಬಹುದಾ? ಓಹೋ. ಎಲ್ಲರೂ ಎಲ್ಲದಕ್ಕೂ ಟಿಕ್ ಹಾಕಿದರು. ನನಗೆ ಖುಷಿಯೋ ಖುಷಿ.

ಈ ಸಲ ಆಡಿದ್ದು ಕಾಲ್ ಆಫ್ ಕ್ತುಲು. 1981ರಿಂದ ಇರುವ ಆಟ. ಅದರಲ್ಲಿ ನಾವು ಸಾಮಾನ್ಯ ಮನುಷ್ಯರು. ಭಯಾನಕವಾದದ್ದನ್ನು ಕಂಡಾಗ ಸ್ಯಾನಿಟಿ (ಪಾತ್ರದ ಮನಸ್ಸಿನ ಸ್ಥಿಮಿತದ ಲೆಕ್ಕ) ಇಳಿಯುತ್ತದೆ, ಎದುರು ನಿಂತು ಹೊಡೆದಾಡಿದರೆ ಬಹುತೇಕ ಸೋಲು. ಒಬ್ಬ ಗೆಳೆಯ ನಾಲ್ಕು ಸೆಷನ್ ಪೂರ್ತಿ ಬಂದೂಕು ಹುಡುಕುತ್ತಲೇ ಇದ್ದ. ಹಾರರ್ ಅಂದರೆ ಅವನಿಗೆ ಪಿಶಾಚಿಗಳನ್ನು ಗುಂಡಿಟ್ಟು ಉರುಳಿಸುವುದು. ನನಗೆ ಹಾರರ್ ಅಂದರೆ ಬಾಗಿಲ ಆಚೆ ಏನಿದೆ ಅಂತ ಗೊತ್ತಾಗದೆ ಅರ್ಧ ಗಂಟೆ ಒದ್ದಾಡುವುದು. ಇಬ್ಬರೂ ಒಂದೇ ಪದಕ್ಕೆ ಟಿಕ್ ಹಾಕಿದ್ದೆವು.

ಅಲ್ಲಿಂದ ಪಟ್ಟಿ ಎಸೆದೆ. ಈಗ ಸನ್ನಿವೇಶ ಕೊಟ್ಟು ಕೇಳುತ್ತೇನೆ. "ಮೂರನೇ ಸೆಷನ್. ಒಂದು ಸಣ್ಣ ಜಗಳದಲ್ಲಿ ನಿನ್ನ ಪಾತ್ರ ಸತ್ತಿತು. ಯಾವ ದೊಡ್ಡ ಕಾರಣವೂ ಇಲ್ಲ, ದಾಳ ಕೈಕೊಟ್ಟಿತು ಅಷ್ಟೇ. ಆ ರಾತ್ರಿ ಮನೆಗೆ ಹೋಗುವಾಗ ನಿನಗೆ ಏನನ್ನಿಸುತ್ತೆ?" ಇದಕ್ಕೆ ಟಿಕ್ ಹಾಕಲು ಆಗುವುದಿಲ್ಲ. ಒಬ್ಬ ನಗುತ್ತಾನೆ. ಇನ್ನೊಬ್ಬಳು ಎರಡು ನಿಮಿಷ ಸುಮ್ನೆ ಇದ್ದು, "ಹಾಗಾದರೆ ನಾನು ಹಿನ್ನೆಲೆ ಕಥೆ ಬರೆಯಲ್ಲ" ಅನ್ನುತ್ತಾಳೆ. ಪಾತ್ರಗಳು ಒಂದರಿಂದ ಒಂದು ಕದ್ದರೆ? ಒಬ್ಬರು ಬರದ ದಿನ ಅವರ ಪಾತ್ರವನ್ನು ಯಾರು ಆಡಿಸಬೇಕು? ಇಂಥ ನಾಲ್ಕೈದು ಸಾಕು. ಯಾವ ವಿಷಯ ಆಟದಲ್ಲಿ ಬರಲೇಬಾರದು ಅನ್ನುವುದನ್ನು ಮಾತ್ರ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳುತ್ತೇನೆ. ಎಲ್ಲರ ಮುಂದೆ ಅದನ್ನು ಹೇಳುವುದು ಸುಲಭ ಅಲ್ಲ.

ಹೀಗೆ ಕೇಳಿದಾಗ ಕೆಲವರು ಶುರುವಿನಲ್ಲೇ "ಇದು ನನಗಲ್ಲ" ಅಂತ ಎದ್ದುಹೋಗುತ್ತಾರೆ. ಮೊದಲು ಬೇಜಾರಾಗುತ್ತಿತ್ತು. ಈಗ ಇಲ್ಲ. ಆರನೇ ಸೆಷನ್‌ನಲ್ಲಿ ಫೋನ್ ನೋಡುತ್ತಾ ಕೂರುವವರಿಗಿಂತ ಎಷ್ಟೋ ವಾಸಿ.

ಸೆಷನ್ ಮುಗಿದಾಗ "ಹೇಗಿತ್ತು?" ಅಂತ ಕೇಳುವುದನ್ನೂ ಬಿಟ್ಟಿದ್ದೇನೆ. "ಚೆನ್ನಾಗಿತ್ತು" ಬಿಟ್ಟು ಬೇರೆ ಉತ್ತರ ಬರುವುದಿಲ್ಲ. "ಇವತ್ತು ಯಾವ ಹೊತ್ತಿನಲ್ಲಿ ಬೇಸರ ಬಂತು?" ಅಂತ ಕೇಳಿದರೆ ಬಾಯಿ ಬಿಡುತ್ತಾರೆ. ನನ್ನ ಅರಮನೆಯ ಅಷ್ಟೂ ದೃಶ್ಯಗಳು ಬೇಸರ ಅಂತ ಹಾಗೆಯೇ ಗೊತ್ತಾಯಿತು. ಹದಿನಾಲ್ಕು ಮಂತ್ರಿಗಳಿಗೆ ಹೆಸರಿಟ್ಟಿದ್ದೆ. ಅವರು ಒಬ್ಬನ ಹೆಸರನ್ನೂ ನೆನಪಿಟ್ಟಿರಲಿಲ್ಲ. ನಾನೂ ಏನೋ ನಿರೀಕ್ಷೆ ಇಟ್ಟುಕೊಂಡು ಕೂತಿರುತ್ತೇನೆ ಅಂತ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ವಿಝರ್ಡ್ ಗೆಳತಿಗೆ ಎರಡು ವರ್ಷದ ನಂತರ ಫೋನ್ ಮಾಡಿ, ಆವತ್ತು ಮೊದಲೇ ಹೇಳಬೇಕಿತ್ತು ಅಂದೆ. "ಹೂಂ, ಹೇಳಬೇಕಿತ್ತು" ಅಂದಳು. ಹೊಸ ಗುಂಪಿಗೆ ಬಂದಳು. ಅವಳಿಗಾಗಿಯೇ ನಾನು ದಾಳ ಮರೆಮಾಡಲು ಸ್ಕ್ರೀನ್ ಕೊಂಡಿದ್ದೆ. ಬೇಕಾದಾಗ ಬೇರೆ ನಂಬರ್ ಹೇಳಬಹುದಲ್ಲ ಅಂತ. ಸೆಷನ್ ಝೀರೋದಲ್ಲಿ ಅದನ್ನು ಮೇಜಿನ ಮೇಲೆ ಇಟ್ಟೆ.

"ಅದು ಬೇಡ," ಅಂದಳು. "ಎದುರೇ ಉರುಳಿಸು. ಗುಂಡಿ ಇದ್ದರೆ ಮಾತ್ರ ಮೊದಲೇ ಒಂದು ಸುಳಿವು ಕೊಡು."