ಒನಕೆ ನಿಂತಿತು, ಮೇಷ್ಟ್ರು ಬಿದ್ದರು

2019ರ ಡಿಸೆಂಬರ್ 26, ಗುರುವಾರ. ಮಂಗಳೂರಿನಲ್ಲೂ ಕೊಡಗಿನ ದಕ್ಷಿಣದ ತುದಿಯಲ್ಲೂ ಸೂರ್ಯ ಬಳೆಯ ಹಾಗೆ ಕಂಡ ದಿನ. ನಮ್ಮ ತುಮಕೂರು ಕಡೆ ಬಳೆ ಆಗಲಿಲ್ಲ, ಕುಡುಗೋಲಿನಷ್ಟು ಉಳಿಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಗ್ರಹಣದ ಕನ್ನಡಕಗಳನ್ನು ಚೀಲಕ್ಕೆ ಹಾಕಿಕೊಂಡು ಶಾಲೆಯ ಮೈದಾನಕ್ಕೆ ಹೊರಟಿದ್ದೆ. ದಾರಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಒಬ್ಬರೂ ಆಕಾಶ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಒಂದು ಹಿತ್ತಾಳೆ ತಟ್ಟೆಯ ಮೇಲೆ. ತಟ್ಟೆಯಲ್ಲಿ ಅರಿಶಿನದ ನೀರು, ನಡುವೆ ನೆಟ್ಟಗೆ ನಿಂತ ಒನಕೆ.

"ನೋಡಿ ಮೇಷ್ಟ್ರೇ, ಯಾರೂ ಹಿಡ್ಕೊಂಡಿಲ್ಲ. ಗ್ರಹಣ ಬಿಟ್ಟ ಮ್ಯಾಲೆ ತಾನೇ ಬೀಳ್ತೈತೆ" ಅಂದರು ಮನೆಯ ಅಜ್ಜಿ.

ಆಗ ನನಗೊಂದು ಕೆಟ್ಟ ಚಾಳಿ ಇತ್ತು. ತಪ್ಪು ಕಿವಿಗೆ ಬಿದ್ದರೆ ಸಾಕು, ನಿಂತಲ್ಲೇ ತಿದ್ದಬೇಕು. ಗ್ರಹಣದ ಹೊತ್ತಿಗೆ ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದು ಎಳೆಯುವುದರಿಂದ ಒನಕೆ ನಿಲ್ಲುತ್ತದೆ ಅನ್ನುವುದು ಜನರ ನಂಬಿಕೆ. ಶುರು ಮಾಡಿದೆ. ಸೂರ್ಯ, ಚಂದ್ರ ಸೇರಿ ಒನಕೆಯ ಮೇಲೆ ಮಾಡುವ ಪರಿಣಾಮ ಅದರ ತೂಕದ ಕೋಟಿಯಲ್ಲಿ ಒಂದೆರಡು ಪಾಲು ಅಷ್ಟೇ. ಸಮುದ್ರದ ಉಬ್ಬರಕ್ಕೆ ಸಾಕು, ಒನಕೆಗೆ ಸಾಲದು. ಅದೂ ಅಲ್ಲದೆ ಅವರಿಬ್ಬರೂ ಈಗ ಇರುವುದು ಪೂರ್ವದಲ್ಲಿ, ಓರೆಯಾಗಿ. ಎಳೆಯುವುದೇ ನಿಜವಾದರೆ ಒನಕೆ ಆ ಕಡೆ ವಾಲಬೇಕು, ನೆಟ್ಟಗೆ ಯಾಕೆ ನಿಲ್ಲಬೇಕು? ಪ್ರತಿ ಅಮಾವಾಸ್ಯೆಗೂ ಅವರು ಹೆಚ್ಚುಕಡಿಮೆ ಒಂದೇ ಕಡೆ ಇರುತ್ತಾರಲ್ಲ, ಆಗಲೂ ಒನಕೆ ನಿಲ್ಲಬೇಕಲ್ಲ?

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಒನಕೆ ನಿಂತೇ ಇತ್ತು. ಕಣ್ಣೆದುರು ನಿಂತ ಒನಕೆಯ ಮುಂದೆ ನನ್ನ ಕೋಟಿ ಲೆಕ್ಕ ಯಾರಿಗೆ ಬೇಕು? ಹನ್ನೊಂದು ದಾಟಿ ಗ್ರಹಣ ಬಿಟ್ಟಿತು. ಆಮೇಲೂ ಒನಕೆ ಅಲ್ಲಾಡಲಿಲ್ಲವಂತೆ. ಕೊನೆಗೆ ಅಜ್ಜಿಯ ಮೊಮ್ಮಗ ತಟ್ಟೆಯ ಪಕ್ಕ ಓಡಿ, ಅದು ಬಿದ್ದು, "ಬಿಡ್ತು ನೋಡ್ರೋ" ಅಂತ ಎಲ್ಲರೂ ಸ್ನಾನಕ್ಕೆ ಹೋದರಂತೆ.

ಮುಂದಿನ ಸೋಮವಾರ ಅದೇ ಒನಕೆಯನ್ನು ಕೇಳಿ ತಂದೆ. ಜೊತೆಗೆ ಇನ್ನೂ ಮೂರು ಮನೆಯಿಂದ ಮೂರು. ಗ್ರಹಣ ಇಲ್ಲ, ಅಮಾವಾಸ್ಯೆಯೂ ಮುಗಿದಿತ್ತು. ಶಾಲೆಯ ಜಗುಲಿಯ ಸಿಮೆಂಟಿನ ಮೇಲೆ ನಿಲ್ಲಿಸಲು ಹೊರಟೆ. ನನ್ನ ಕೈಯಲ್ಲಿ ಮೂರು ಸಲ ಬಿತ್ತು. ಒಂದು ಸಲ ನನ್ನ ಕಾಲಿನ ಮೇಲೆಯೇ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠ ಆ ವರ್ಷ ಸಿಕ್ಕಿರಲಿಕ್ಕಿಲ್ಲ.

ಆಮೇಲೆ ಒಂದೊಂದಾಗಿ ಗೊತ್ತಾಯಿತು. ಕುಟ್ಟಿ ಕುಟ್ಟಿ ಸವೆದು ಮಟ್ಟವಾದ ತುದಿ, ಕಬ್ಬಿಣದ ಬಳೆ ಇರುವ ತುದಿ ಕೆಳಗೆ ಬರಬೇಕು. ಎರಡು ಬೆರಳಲ್ಲಿ ಮೇಲೆ ಹಗುರವಾಗಿ ಹಿಡಿದು, ಯಾವ ಕಡೆ ವಾಲುತ್ತದೋ ಅದರ ಎದುರು ಕಡೆ ಕೂದಲೆಳೆಯಷ್ಟು ತಳ್ಳಬೇಕು. ಬೆರಳಿಗೆ ಭಾರವೇ ಇಲ್ಲ ಅನ್ನಿಸುವ ಒಂದು ಜಾಗ ಬರುತ್ತದೆ. ಅಲ್ಲಿ ಉಸಿರು ಹಿಡಿದು ಬಿಡಬೇಕು. ಅವಸರ ಮಾಡಿದರೆ ಆಗದು. ನೀರು, ಅರಿಶಿನ ಏನೂ ಬೇಡ. ಮಧ್ಯಾಹ್ನದೊಳಗೆ ನಾಲ್ಕೂ ನಿಂತವು. ಗ್ರಹಣದ ದಿನ ಮಾತ್ರ ಯಾಕೆ ನಿಲ್ಲುತ್ತದೆ ಅಂದರೆ, ಬೇರೆ ದಿನ ಯಾರೂ ಹತ್ತು ನಿಮಿಷ ಅದರ ಮುಂದೆ ಕೂರುವುದಿಲ್ಲ, ಅಷ್ಟೇ.

ಸಂಜೆ ಒನಕೆ ಒಯ್ಯಲು ಅಜ್ಜಿ ಬಂದರು. ನಾನೇನೂ ಹೇಳಲಿಲ್ಲ, "ನೀವೊಂದು ಸಲ ನಿಲ್ಲಿಸಿ" ಅಂದೆ. ಒಂದೇ ನಿಮಿಷದಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಹಂಗಾರೆ ಇಷ್ಟು ವರ್ಷ ನಿಲ್ಲಿಸ್ತಿದ್ದೋಳು ನಾನೇನಾ?" ಅಂದರು. ಮುಖ ಅರಳಿತ್ತು. ಇಷ್ಟು ದಿನ ಗ್ರಹಣಕ್ಕೆ ಹೋಗುತ್ತಿದ್ದ ಹೊಗಳಿಕೆ ಅವತ್ತು ಅವರ ಕೈಗೆ ಬಂತು.

ಅಲ್ಲಿಂದ ತಿದ್ದುವುದನ್ನು ಕಡಿಮೆ ಮಾಡಿದೆ. "ಹೌದಾ? ಮಾಡಿ ನೋಡೋಣ" ಅನ್ನುವುದು ರೂಢಿಯಾಯಿತು.

ನನ್ನ ಹತ್ತಿರ ಮರದ ಪೆಟ್ಟಿಗೆಯ ಮೇಲೆ ಕೂರುವ 6 ಇಂಚು ಅಗಲದ ಕನ್ನಡಿಯ ಡಾಬ್ಸೋನಿಯನ್ ದುರ್ಬೀನು ಇದೆ. ಮೋಟಾರಿಲ್ಲ, ಕೈಯಲ್ಲೇ ತಿರುಗಿಸಬೇಕು. 2023ರ ಅಕ್ಟೋಬರಿನಲ್ಲಿ ಒಂದು ಊರಿನಲ್ಲಿ ಶನಿಗ್ರಹ ತೋರಿಸುತ್ತಿದ್ದೆ. ಶನಿ ಆಗ ಕುಂಭದಲ್ಲಿ. ನೋಡಿದ ಮೊದಲನೆಯವನೇ "ಮುಂದೆ ಸ್ಟಿಕ್ಕರ್ ಅಂಟಿಸಿದೀರಾ ಸಾರ್" ಅಂದ. ಉಂಗುರ ಅಷ್ಟು ಚೊಕ್ಕವಾಗಿ ಕಂಡರೆ ಅನುಮಾನ ಬರುವುದು ಸಹಜ. "ಕೈ ತೆಗ್ದು ಸುಮ್ನೆ ನೋಡ್ತಿರು" ಅಂದೆ. ಒಂದೂವರೆ ನಿಮಿಷದಲ್ಲಿ ಶನಿ ಮೆಲ್ಲಗೆ ಸರಿದು ಅಂಚಿನಾಚೆ ಹೋಯಿತು. ಭೂಮಿ ತಿರುಗುತ್ತಿದೆಯಲ್ಲ. ಸ್ಟಿಕ್ಕರ್ ಆಗಿದ್ದರೆ ಓಡಿಹೋಗುತ್ತಿತ್ತಾ?

ಇನ್ನೊಬ್ಬ ಯಜಮಾನರು ಹತ್ತಿರವೇ ಬರಲಿಲ್ಲ. ಮಕರ ರಾಶಿ, ಸಾಡೇಸಾತಿ ನಡೆಯುತ್ತಿದೆಯಂತೆ. "ನಾನಾಗೇ ಹೋಗಿ ಅವನ ಕಣ್ಣಿಗೆ ಯಾಕೆ ಬೀಳಲಿ?" ಅಂದರು. ವಾದ ಮಾಡಲಿಲ್ಲ. ಆ ಏಳೂವರೆ ವರ್ಷದ ಲೆಕ್ಕವನ್ನೇ ತೆಗೆದೆ. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಎರಡೂವರೆಗೆ ಒಂಚೂರು ಕಮ್ಮಿ. ಸಾಡೇಸಾತಿಯ ಮೂರು ರಾಶಿಗೆ ಹೆಚ್ಚುಕಡಿಮೆ ಏಳೂವರೆ. ದುರ್ಬೀನಿಲ್ಲದ ಕಾಲದಲ್ಲಿ ಬರಿಗಣ್ಣಲ್ಲಿ ನೋಡಿ ಅಳೆದಿದ್ದಾರೆ ನಮ್ಮ ಹಿರಿಯರು. ನೋಡಬಾರದು ಅಂತಿದ್ದರೆ ಈ ಲೆಕ್ಕ ಸಿಗುತ್ತಿತ್ತಾ? ಅವರು ಸ್ವಲ್ಪ ಮೆತ್ತಗಾದರು. ಆಮೇಲೆ ಮಾತಿಗೆ ಹೇಳಿದೆ, ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಒಂದೂಕಾಲು ಗಂಟೆ ಬೇಕು, ಈಗ ಕಾಣುವುದು ಒಂದೂಕಾಲು ಗಂಟೆ ಹಿಂದಿನ ಶನಿ ಅಂತ. "ಓ, ಹಳೇದಾ? ಹಂಗಾದ್ರೆ ಪರವಾಗಿಲ್ಲ ಬಿಡಿ" ಅಂತ ಬಂದು ನೋಡಿಯೇಬಿಟ್ಟರು. ನನ್ನ ಪಾಠ ಗೆದ್ದಿತೋ ಸೋತಿತೋ ಇವತ್ತಿಗೂ ತೀರ್ಮಾನ ಮಾಡಿಲ್ಲ.

ಆ ವರ್ಷ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದ ಮೇಲಂತೂ ಎಲ್ಲಿ ಹೋದರೂ ಒಂದೇ ಬೇಡಿಕೆ, ವಿಕ್ರಮ್ ತೋರಿಸಿ. ನನ್ನ ದುರ್ಬೀನಿನಲ್ಲಿ ಚಂದ್ರನ ಮೇಲೆ ಒಂದೂವರೆ ಕಿಲೋಮೀಟರಿಗಿಂತ ಚಿಕ್ಕದು ಬಿಡಿಯಾಗಿ ಕಾಣುವುದಿಲ್ಲ. ವಿಕ್ರಮ್ ಇರುವುದು ಎರಡು ಮೀಟರ್ ಅಗಲ. ಅದನ್ನು ಇಲ್ಲಿಂದ ನೋಡಲು ನೂರು ಮೀಟರಿಗೂ ದೊಡ್ಡ ಕನ್ನಡಿ ಬೇಕು. ಚಿಲಿ ದೇಶದಲ್ಲಿ ಕಟ್ಟುತ್ತಿರುವ ಭಾರೀ ದುರ್ಬೀನಿನ ಕನ್ನಡಿಯೇ 39 ಮೀಟರ್. ಇಷ್ಟು ಹೇಳಿದರೂ ಒಬ್ಬ ಹುಡುಗ ಕಣ್ಣಿಟ್ಟು "ಕಂಡ್ತು ಸಾರ್, ಬಾವುಟಾನೂ ಕಂಡ್ತು" ಅಂದ. ದೇಶಪ್ರೇಮಕ್ಕೆ ಯಾವ ಕನ್ನಡಿ ಬೇಕು ಹೇಳಿ.

ಮಕ್ಕಳಲ್ಲಿ ಗಟ್ಟಿಯಾಗಿ ಕೂತಿರುವ ಇನ್ನೊಂದು ನಂಬಿಕೆ ಇದೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ, ಅದಕ್ಕೇ ತೇಲುತ್ತಾರೆ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ನಮ್ಮ ಧಾರವಾಡದವರು ರೂಪಿಸಿದ ಪ್ರಯೋಗಕ್ಕೆ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದರಲ್ಲ, ಆಗ ಮತ್ತೆ ಕೇಳಿಬಂತು. ಅಲ್ಲಿ 400 ಕಿ.ಮೀ. ಎತ್ತರದಲ್ಲೂ ಭೂಮಿಯ ಎಳೆತ ನೂರಕ್ಕೆ ಸುಮಾರು ತೊಂಬತ್ತರಷ್ಟು ಇರುತ್ತದೆ. ನಿಲ್ದಾಣ ಬೀಳುತ್ತಲೇ ಇರುತ್ತದೆ, ಮುಂದಕ್ಕೆ ಅಷ್ಟು ವೇಗವಾಗಿ ಹೋಗುವುದರಿಂದ ನೆಲ ಸಿಗುವುದಿಲ್ಲ. ಬಾಯಲ್ಲಿ ಹೇಳಿದರೆ ಯಾರಿಗೂ ಇಳಿಯುವುದಿಲ್ಲ. ನೀರಿನ ಬಾಟಲಿಯ ಕೆಳಗೆ ತೂತು ಮಾಡಿ, ಮುಚ್ಚಳ ತೆಗೆದು, ಮಹಡಿಯಿಂದ ಬಿಡುತ್ತೇನೆ. ಕೈಯಲ್ಲಿದ್ದಾಗ ಸೋರುತ್ತದೆ. ಬೀಳುವಾಗ ಸೋರುವುದು ನಿಲ್ಲುತ್ತದೆ. ಗಾಳಿ ಅಲ್ಲೇ ಇದೆ, ನೀರಿಗೆ ಮಾತ್ರ ಭಾರ ಹೋಯಿತು. ಒಂದು ಪೀರಿಯಡ್ ಪೂರ್ತಿ ಇದಕ್ಕೇ ಹೋಗುತ್ತದೆ, ಯೂನಿಫಾರ್ಮ್ ಒದ್ದೆಯಾಗಿ ಮನೆಯವರಿಂದ ದೂರು ಬೇರೆ ಬರುತ್ತದೆ.

ಒನಕೆಯ ಸೋಮವಾರದ ಒಂದು ಸಂಗತಿ ಬೇಕೆಂದೇ ಹೇಳದೆ ಉಳಿಸಿಕೊಂಡಿದ್ದೆ. ನಾಲ್ಕೂ ಒನಕೆ ನಿಂತ ಖುಷಿಯಲ್ಲಿ, ಒಂದನ್ನು ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿ, "ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ, ನೆರಳು ಕಾಲಡಿಗೆ" ಅಂದುಬಿಟ್ಟೆ. ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಅಳತೆ ಟೇಪು ಹಿಡಿದಳು. "ಸಾರ್, ಒನಕೆ ನಾಲ್ಕಡಿ. ನೆರಳು ಮೂರಡಿ."

ಗಡಿಯಾರ ನೋಡಿದೆ. ಹನ್ನೆರಡು. ಇನ್ನೊಂದರ್ಧ ಗಂಟೆ ಕಾದೆವು. ಮೂರಡಿ, ಉತ್ತರಕ್ಕೆ. ಬೇರೆ ದಿನ ಯಾರೂ ಒನಕೆ ನಿಲ್ಲಿಸಿ ನೋಡುವುದಿಲ್ಲ ಅಂದೆನಲ್ಲ, ಅದೇ ನನಗೂ ಅನ್ವಯ. ನಾನೂ ಒಂದು ದಿನ ಹೊರಗೆ ಹೋಗಿ ನೋಡಿರಲಿಲ್ಲ.

ನಮ್ಮೂರಲ್ಲಿ ಸೂರ್ಯ ನಿಜವಾಗಿ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ 25ರ ಸುಮಾರಿಗೊಮ್ಮೆ, ಆಗಸ್ಟ್ 17ರ ಸುಮಾರಿಗೊಮ್ಮೆ. ದೆಹಲಿಯವರಿಗೆ ಆ ಭಾಗ್ಯ ಒಂದು ದಿನವೂ ಇಲ್ಲ. ಬೇಸಿಗೆ ಯಾಕೆ ಅಂದರೆ "ಸೂರ್ಯ ಹತ್ತಿರ ಬರ್ತಾನೆ" ಅನ್ನುವವರಿಗೂ ಈ ಒನಕೆಯ ನೆರಳೇ ಉತ್ತರ, ನೆರಳು ಚಿಕ್ಕದಾದಷ್ಟೂ ಬಿಸಿಲು ನೇರ. ಭೂಮಿ ಸೂರ್ಯನಿಗೆ ಅತಿ ಹತ್ತಿರ, ಅಂದರೆ 14.7 ಕೋಟಿ ಕಿ.ಮೀ. ದೂರದಲ್ಲಿ ಇರುವುದು ಜನವರಿ ಮೊದಲ ವಾರ, ಮಕ್ಕಳು ಸ್ವೆಟರ್ ಹಾಕಿಕೊಂಡು ಬರುವ ದಿನಗಳಲ್ಲಿ.

ನೆರಳಿಲ್ಲದ ದಿನ ತೋರಿಸುವುದು ಅಷ್ಟು ಸುಲಭ ಅಲ್ಲ. ಏಪ್ರಿಲ್‌ನಲ್ಲಿ ಬಿಸಿಲಿರುತ್ತದೆ, ಶಾಲೆ ಇರುವುದಿಲ್ಲ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಬಿಸಿಲು ಇರುವುದಿಲ್ಲ. ಕೋವಿಡ್ ಎರಡು ವರ್ಷ ತಿಂದಿತು, ಮೋಡ ಒಂದು ವರ್ಷ. 2023ರಲ್ಲಿ ಆಗಸ್ಟ್ ಬರಗಾಲದ ಹಾಗೆ ಒಣಗಿತ್ತು, ರೈತರಿಗೆ ಸಂಕಟ, ನಮಗೆ ಬಿಸಿಲು. ಅಜ್ಜಿ ತಾವೇ ಒನಕೆ ಹೊರಿಸಿಕೊಂಡು ಬಂದರು. ಟೇಪು ಹಿಡಿದಿದ್ದ ಹುಡುಗಿ ಆ ಹೊತ್ತಿಗೆ ಎರಡನೇ ಪಿಯುಸಿ, ಅವಳೂ ಬಂದಿದ್ದಳು.

ಹನ್ನೆರಡು ಗಂಟೆ ಇಪ್ಪತ್ತಾರು ನಿಮಿಷ. ಒನಕೆಯ ನೆರಳು ಕುಗ್ಗಿ ಕುಗ್ಗಿ ಅದರ ಬುಡದೊಳಗೇ ಹೊಕ್ಕಿತು. ಮಕ್ಕಳು ಕೂಗಿದರು. ಅಜ್ಜಿ ಮಾತ್ರ ತಮ್ಮ ಕಾಲ ಸುತ್ತ ನೋಡಿಕೊಂಡು ಹತ್ತಿರ ಬಂದು, ದನಿ ಇಳಿಸಿ ಕೇಳಿದರು: "ನೆಳ್ಳೇ ಇಲ್ಲ ಅಂದ ಮ್ಯಾಲೆ, ಇವತ್ತು ಮುದ್ದೆ ಉಣ್ಣಬೌದಾ ಮೇಷ್ಟ್ರೇ? ಎಸರಿಟ್ಟು ಬಂದಿವ್ನಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿಯೇ ಅಂದಳು, "ಉಂಡು ನೋಡೋಣ ಬಾ ಅಜ್ಜಿ. ನಾನೂ ಬತ್ತೀನಿ."