ಗನ್ ಅಂಗಡಿ ರಿಜಿಸ್ಟರ್ ಕಂಪ್ಯೂಟರಿಗೆ ಹಾಕಿದ್ದು: ನನ್ನ ಅನುಭವ

ಅಮೆರಿಕದಲ್ಲಿ ಕೊಲೆ ಆದ ಜಾಗದಲ್ಲಿ ಒಂದು ಪಿಸ್ತೂಲ್ ಸಿಕ್ತು ಅಂದ್ರೆ, ಪೊಲೀಸರು ಸೀರಿಯಲ್ ನಂಬರ್ ಟೈಪ್ ಮಾಡಿ ಎಂಟರ್ ಒತ್ತಿದ ತಕ್ಷಣ ಓನರ್ ಹೆಸರು ಬರುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಇಡೀ ದೇಶಕ್ಕೆ ಅಂಥ ಡೇಟಾಬೇಸೇ ಇಲ್ಲ. ಕೇಂದ್ರ ಸರ್ಕಾರ ಅಂಥದ್ದೊಂದು ಇಟ್ಕೋಬಾರದು ಅಂತ 1986ರ ಫೈರ್‌ಆರ್ಮ್ ಓನರ್ಸ್ ಪ್ರೊಟೆಕ್ಷನ್ ಆಕ್ಟ್ ಹೇಳುತ್ತೆ. ನಾನು ಇಲ್ಲಿ ಸಣ್ಣ ಅಂಗಡಿಗಳಿಗೆ ಸ್ಟಾಕ್, ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕ್ಕೊಡೋ ಕೆಲಸ ಮಾಡ್ತೀನಿ. ಒಂದು ಸಲ ಗನ್ ಅಂಗಡಿಯೊಂದರ ರಿಜಿಸ್ಟರ್ ಪೂರ್ತಿ ಪೇಪರಿಂದ ಕಂಪ್ಯೂಟರಿಗೆ ತರೋ ಕೆಲಸ ಸಿಕ್ತು, ಅದನ್ನ ಹೇಗೆ ಮಾಡ್ದೆ, ಕಾನೂನು ಎಲ್ಲೆಲ್ಲಿ ಅಡ್ಡ ಬರುತ್ತೆ ಅಂತ ಬರೀತಿದೀನಿ.

ಮೊದ್ಲು ಟ್ರೇಸಿಂಗ್, ಅಂದ್ರೆ ಸಿಕ್ಕ ಗನ್ ಯಾರಿಗೆ ಮಾರಿದ್ದು ಅಂತ ಪತ್ತೆ ಹಚ್ಚೋದು, ಹೇಗೆ ನಡೆಯುತ್ತೆ ಅಂತ ನೋಡಿ. ಪೊಲೀಸರಿಗೆ ಸಿಕ್ಕ ಗನ್ನಿನ ವಿವರ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರೋ ಗನ್ ಕಾನೂನು ಜಾರಿ ಮಾಡೋ ಕೇಂದ್ರ ಸಂಸ್ಥೆ ಎಟಿಎಫ್‌ನ ನ್ಯಾಷನಲ್ ಟ್ರೇಸಿಂಗ್ ಸೆಂಟರಿಗೆ ಹೋಗುತ್ತೆ, ಈಗೆಲ್ಲ ಹೆಚ್ಚಾಗಿ ಇ-ಟ್ರೇಸ್ ಅನ್ನೋ ಆನ್‌ಲೈನ್ ಸಿಸ್ಟಂ ಮೂಲಕ. ಅಲ್ಲಿನವರು ಮೊದ್ಲು ತಯಾರಕರನ್ನೋ ಇಂಪೋರ್ಟರನ್ನೋ ಕೇಳ್ತಾರೆ, ಅವರು ಯಾವ ಹೋಲ್‌ಸೇಲರಿಗೆ ಕಳಿಸಿದ್ರು ಅಂತ ಹೇಳ್ತಾರೆ, ಹೋಲ್‌ಸೇಲರ್ ಯಾವ ಅಂಗಡಿಗೆ ಅಂತ ಹೇಳ್ತಾರೆ, ಕೊನೇಗೆ ಅಂಗಡಿಯವನು ತನ್ನ ರಿಜಿಸ್ಟರ್ ತೆಗೆದು ಯಾರಿಗೆ ಮಾರಿದ್ದು ಅಂತ ಹೇಳ್ಬೇಕು. ಅಂಗಡಿಯವನು 24 ಗಂಟೆ ಒಳಗೆ ಉತ್ತರ ಕೊಡಲೇಬೇಕು ಅಂತ ಕಾನೂನಿದೆ. ವರ್ಷಕ್ಕೆ ಲಕ್ಷಗಟ್ಟಲೆ ಟ್ರೇಸ್ ಹಿಂಗೇ ನಡೀತವೆ. ಕೆನಡಿ ಕೊಲೆ ಆದಾಗ 1963ರಲ್ಲಿ C2766 ನಂಬರಿನ ರೈಫಲ್ ಯಾರಿಗೆ ಹೋಗಿತ್ತು ಅಂತ ಎಫ್‌ಬಿಐನವರು ಷಿಕಾಗೋದ ಅಂಗಡಿಯೊಂದರ ಮೈಕ್ರೋಫಿಲ್ಮ್ ತಡಕಾಡಿ ಪತ್ತೆ ಮಾಡಿದ್ರು. ಆಮೇಲೆ 1968ರಲ್ಲಿ ಗನ್ ಕಂಟ್ರೋಲ್ ಆಕ್ಟ್ ಬಂತು, ಸೀರಿಯಲ್ ನಂಬರ್ ಕಡ್ಡಾಯ ಆಯ್ತು, ಆದ್ರೂ ಹುಡುಕೋ ರೀತಿ ಇವತ್ತಿಗೂ ಮೂಲದಲ್ಲಿ ಅದೇ, ಯಾರದೋ ಅಂಗಡಿಯ ದಾಖಲೆ ಯಾರೋ ಕೂತು ನೋಡ್ಬೇಕು.

ಅಂಗಡಿಯಲ್ಲಿ ಎರಡು ಥರದ ದಾಖಲೆ ಇರ್ತವೆ. ಒಂದು ಎ ಅಂಡ್ ಡಿ ಬುಕ್, ಬೌಂಡ್ ಬುಕ್ ಅಂತಾನೂ ಕರೀತಾರೆ, ಎಡಗಡೆ ಯಾವ ಗನ್ ಯಾರಿಂದ ಯಾವತ್ತು ಬಂತು, ಬಲಗಡೆ ಯಾರಿಗೆ ಯಾವತ್ತು ಹೋಯ್ತು. ಇನ್ನೊಂದು 4473 ಅನ್ನೋ ಫಾರ್ಮ್, ಕೊಳ್ಳೋನು ಅಂಗಡಿಯಲ್ಲೇ ಕೂತು ತುಂಬಿ ಸೈನ್ ಮಾಡೋದು, ಅದು ಸರ್ಕಾರಕ್ಕೆ ಹೋಗಲ್ಲ, ಅಂಗಡಿಯ ಬೀರುವಲ್ಲೇ ಇರುತ್ತೆ. ಮುಂಚೆ 20 ವರ್ಷ ಆದ ಫಾರ್ಮ್ ಹರಿದು ಹಾಕಬಹುದಿತ್ತು, 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ನಿಯಮದಲ್ಲಿ ಅಂಗಡಿ ಮುಚ್ಚೋ ತನಕ ಇಟ್ಕೊಳ್ಳಿ ಅಂತ ಹೇಳಿದ್ರು.

ಬೌಂಡ್ ಬುಕ್ ಕಂಪ್ಯೂಟರಲ್ಲಿ ಇಡಬೇಕಂದ್ರೆ ಎಟಿಎಫ್ ರೂಲಿಂಗ್ 2016-1 ಪಾಲಿಸ್ಬೇಕು. ಕೆಲಸ ಶುರು ಮಾಡೋ ಮುಂಚೆ ಅದನ್ನ ಪ್ರಿಂಟ್ ತೆಗೆದು ಪಕ್ಕದಲ್ಲಿಟ್ಕೊಂಡೆ. ಅದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ತಿದ್ದುಪಡಿ ವಿಷಯ, ಹಳೇ ಎಂಟ್ರಿ ಅಳಿಸಿ ಮೇಲೆ ಹೊಸದು ಬರೆಯೋ ಹಾಗಿಲ್ಲ, ಏನಿತ್ತು, ಏನಾಯ್ತು, ಯಾರು ಯಾವಾಗ ಬದಲಾಯಿಸಿದ್ರು, ಯಾಕೆ, ಎಲ್ಲಾ ಉಳೀಬೇಕು. ದಿನಾ ಬ್ಯಾಕಪ್ ಆಗ್ಬೇಕು, ಸೀರಿಯಲ್ ನಂಬರ್ ಹಾಕಿ ಹುಡುಕೋಕೆ ಆಗ್ಬೇಕು, ಕನಿಷ್ಠ ಆರು ತಿಂಗಳಿಗೊಮ್ಮೆ ಪೂರ್ತಿ ಪ್ರಿಂಟ್ ಅಥವಾ ಡೌನ್‌ಲೋಡ್ ತೆಗೆದಿಡಬೇಕು. ಕ್ಲೌಡಲ್ಲಿ ಇಡಬಹುದು, ಆದ್ರೆ ಹೋಸ್ಟಿಂಗ್ ಕಂಪನಿ ಅಮೆರಿಕದೊಳಗೆ ಇದ್ದು ಇಲ್ಲಿನ ಕಾನೂನಿಗೆ ಒಳಪಟ್ಟಿರಬೇಕು.

ನಿಜವಾದ ಕಷ್ಟ ಇದ್ದದ್ದು ಡೇಟಾ ಎಂಟ್ರಿಯಲ್ಲಿ. ಅಂಗಡಿಯ ಹಿರಿಯರು, ಅವರ ಮಗಳು, ನಾನು, ಮೂವರೂ ಕೂತು ಮಾಡಿದ ಕೆಲಸ ಇದು. ಬುಕ್ ನೋಡಿ ಟೈಪ್ ಮಾಡೋದಕ್ಕಿಂತ ಮೊದ್ಲು ಶೆಲ್ಫಲ್ಲಿರೋ ಒಂದೊಂದು ಗನ್ನನ್ನೂ ಅವರು ಕೈಗೆ ತಗೊಂಡು ಖಾಲಿ ಇದೆಯಾ ನೋಡಿ, ಟಾರ್ಚ್ ಬಿಟ್ಟು ನಂಬರ್ ಓದೋದು, ಮಗಳು ಬುಕ್ಕಲ್ಲಿ ಗುರುತು ಹಾಕೋದು, ನಾನು ಟೈಪ್ ಮಾಡಿ ವಾಪಸ್ ಒಂದೊಂದೇ ಅಕ್ಷರ ಜೋರಾಗಿ ಓದೋದು. ಸೊನ್ನೆಯೋ ಇಂಗ್ಲಿಷ್ ಓ ಅಕ್ಷರವೋ, ಒಂದೋ ಐಯೋ, ಅದು ಕೆತ್ತನೆ ನೋಡಿದ್ರೆ ಮಾತ್ರ ಗೊತ್ತಾಗೋದು, ಎಷ್ಟೋ ವರ್ಷದ ಹಿಂದೆ ಯಾರೋ ಅವಸರದಲ್ಲಿ ಬರೆದ ಕೈಬರಹ ನಂಬೋಕಾಗಲ್ಲ. ಆಮೇಲೆ ಸ್ಪ್ರೆಡ್‌ಶೀಟ್! ಈ ಕೆಲಸ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಕೇಳಿ, ಸೀರಿಯಲ್ ನಂಬರ್ ಕಾಲಂ ಮೊದಲೇ ಟೆಕ್ಸ್ಟ್ ಅಂತ ಮಾಡಿಡಿ, ಇಲ್ಲಾಂದ್ರೆ 00417 ಅನ್ನೋದು ಬರೀ 417 ಆಗಿಬಿಡುತ್ತೆ, 12E45 ಥರದ್ದು ಇದ್ರೆ ಅದನ್ನ ದೊಡ್ಡ ಸಂಖ್ಯೆ ಅಂತ ತಿಳ್ಕೊಂಡು ಬೇರೇನೋ ಮಾಡಿಡುತ್ತೆ, ನೋಡೋಕೆ ಎಲ್ಲ ಸರಿ ಇದೆ ಅನ್ಸುತ್ತೆ, ಹತ್ತು ವರ್ಷ ಬಿಟ್ಟು ಯಾವುದೋ ತಾಯಿಯ ಮಗನ ಕೊಲೆ ಕೇಸಲ್ಲಿ ಆ ನಂಬರ್ ಹುಡುಕಿದಾಗ ಸಿಗಲ್ಲ. ಇನ್ನೊಂದು ಏನಂದ್ರೆ ಒಂದೇ ಸೀರಿಯಲ್ ನಂಬರ್ ಬೇರೆ ಬೇರೆ ಕಂಪನಿ ಗನ್ನಿಗೆ ಇರಬಹುದು. ಹಾಗಾಗಿ ತಯಾರಕರು, ಇಂಪೋರ್ಟರ್, ಮಾಡೆಲ್, ಕ್ಯಾಲಿಬರ್ ಎಲ್ಲಾ ಸರಿಯಾಗಿ ಇದ್ರೇನೇ ಟ್ರೇಸ್ ಮುಂದೆ ಹೋಗೋದು. ಹೊರದೇಶದಿಂದ ಬಂದದ್ದಾದ್ರೆ ಇಂಪೋರ್ಟರ್ ಹೆಸರು ಬ್ಯಾರಲ್ ಅಡಿಯಲ್ಲಿ ಎಲ್ಲೋ ಸಣ್ಣದಾಗಿ ಕೆತ್ತಿರ್ತಾರೆ, ಅದನ್ನ ಬಿಟ್ಟುಬಿಡೋದು ಜಾಸ್ತಿ.

ಹಳೇ ಬುಕ್ ಬಿಸಾಡ್ಲಿಲ್ಲ, ಬಿಸಾಡೋ ಹಾಗೂ ಇಲ್ಲ. ಅವನ್ನೆಲ್ಲ ವರ್ಷದ ಪ್ರಕಾರ ಜೋಡಿಸಿ ಬೆಂಕಿ ತಗಲದ ಬೀರುವಲ್ಲಿ ಇಟ್ಟಿದ್ದಾಯ್ತು.

ಹೊಸ ಸಿಸ್ಟಂ ಬಂದ್ಮೇಲೆ ಮಾರ್ಟಿನ್ಸ್‌ಬರ್ಗಿಂದ ವಿಚಾರಣೆ ಬಂದಾಗ ನಾನೂ ಅಲ್ಲಿದ್ದೆ. ಮುಂಚೆ ಆದ್ರೆ ಹೋಲ್‌ಸೇಲರ್ ಕಳಿಸಿದ ತಾರೀಕು ಹಿಡ್ಕೊಂಡು ಪುಟ ಪುಟ ತಿರುವಬೇಕಿತ್ತು, ಈಗ ನಂಬರ್ ಹಾಕಿದ್ರು, ಸಾಲು ಬಂತು, 4473ರ ಫೈಲ್ ನಂಬರ್ ಅದರಲ್ಲೇ ಇತ್ತು, ಕಾಫಿ ಆರೋದ್ರೊಳಗೆ ಉತ್ತರ ಹೋಯ್ತು. ಯಾವ ಕೇಸು ಅಂತ ನಮಗೆ ಹೇಳಲ್ಲ, ಕೇಳೋದೂ ಸರಿಯಲ್ಲ. ಆದ್ರೆ ಆ ಹಿರಿಯರು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ತಾವು ಮಾರಿದ ಗನ್ ಯಾವುದೋ ಅಪರಾಧದಲ್ಲಿ ಸಿಕ್ಕಿದೆ ಅನ್ನೋದು ಅವರಿಗೆ ಹಗುರವಾದ ವಿಷಯ ಆಗಿರ್ಲಿಲ್ಲ. ಮೊದಲು ಕೊಂಡವನೇ ಅಪರಾಧಿ ಅಂತಾನೂ ಅಲ್ಲ, ಕಳುವಾಗಿರಬಹುದು, ಮಾರಿರಬಹುದು. ಎಷ್ಟೋ ರಾಜ್ಯಗಳಲ್ಲಿ ಖಾಸಗಿಯಾಗಿ ಒಬ್ಬರಿಂದ ಒಬ್ಬರಿಗೆ ಮಾರಿದ್ರೆ ದಾಖಲೆನೇ ಇರಲ್ಲ, ಅಲ್ಲಿಗೆ ದಾರಿ ನಿಲ್ಲುತ್ತೆ, ಮುಂದಿನದ್ದು ಪೊಲೀಸರು ನಡೆದು ಕೇಳಿ ತಿಳ್ಕೋಬೇಕು.

ಈಗ ನನಗೆ ತುಂಬಾ ನೋವು ಕೊಡೋ ವಿಷಯಕ್ಕೆ ಬರ್ತೀನಿ. ಅಂಗಡಿ ಮುಚ್ಚಿದ್ರೆ, ವ್ಯಾಪಾರ ಮುಂದುವರಿಸೋರು ಯಾರೂ ಇಲ್ಲ ಅಂದ್ರೆ, 30 ದಿನದೊಳಗೆ ದಾಖಲೆಯೆಲ್ಲಾ ಎಟಿಎಫ್‌ಗೆ ಹೋಗ್ಬೇಕು. ಅಲ್ಲಿ ಪೆಟ್ಟಿಗೆಗಟ್ಟಲೆ ಪೇಪರ್ ಬಂದು ಬೀಳುತ್ತೆ, ಸ್ಕ್ಯಾನ್ ಮಾಡ್ತಾರೆ, ಆದ್ರೆ ಬರೀ ಚಿತ್ರವಾಗಿ. ಹೆಸರು ಹಾಕಿ ಹುಡುಕೋ ಹಾಗೆ ಮಾಡೋಕೆ ದುಡ್ಡು ಖರ್ಚು ಮಾಡಬಾರದು, ಅಂಗಡಿಗಳ ದಾಖಲೆ ಒಂದು ಕಡೆ ಸೇರಿಸಬಾರದು ಅಂತ ಬಜೆಟ್ ಕಾನೂನಿನಲ್ಲೇ ಷರತ್ತುಗಳಿವೆ. ಕಂಪ್ಯೂಟರ್ ಫೈಲಾಗಿ ಬಂದದ್ದನ್ನೂ ಹುಡುಕೋಕಾಗದ ಚಿತ್ರವಾಗಿ ಮಾಡಿ ಇಡ್ತಾರೆ. ನಾವು ಮೂವರು ಒಂದೊಂದು ಅಕ್ಷರ ಜೋರಾಗಿ ಓದಿ ತುಂಬಿದ ಪಟ್ಟಿ, ಆ ಅಂಗಡಿ ಬಾಗಿಲು ಹಾಕಿದ ದಿನ ಮತ್ತೆ ಪುಟ ತಿರುವೋ ಪುಸ್ತಕ ಆಗುತ್ತೆ. ಮಾರ್ಟಿನ್ಸ್‌ಬರ್ಗಲ್ಲಿ ಒಬ್ಬ ಉದ್ಯೋಗಿ ಸ್ಕ್ರೀನ್ ಮುಂದೆ ಕೂತು ಒಂದೊಂದೇ ಚಿತ್ರ ದಾಟಿಸ್ತಾ ಹುಡುಕ್ತಾನೆ.

ಇದರ ಹಿಂದಿನ ಭಯ ನನಗೆ ಅರ್ಥ ಆಗುತ್ತೆ. ನಾನು ಕೊಡಗಿನೋನು, ನಮ್ಮ ಮನೇಲಿ ಕೈಲ್‌ಪೊಳ್ದ್ ಅನ್ನೋ ಆಯುಧ ಪೂಜೆ ಹಬ್ಬಕ್ಕೆ ಕೋವಿಗೆ ತೋಕ್ ಹೂ ಇಟ್ಟು ಪೂಜೆ ಮಾಡೋರು, ಕೋವಿ ಅಂದ್ರೆ ಮನೆತನದ ವಿಷಯ, ಸರ್ಕಾರದವರು ಪಟ್ಟಿ ಮಾಡ್ಕೊಂಡು ಬಂದು ಒಂದಿನ ಕಿತ್ಕೊಂಡು ಹೋದ್ರೆ ಅನ್ನೋ ಆತಂಕ ಅಲ್ಲೂ ಚುನಾವಣೆ ಸಮಯದಲ್ಲಿ ಠಾಣೆಗೆ ಕೊಡಿ ಅಂದಾಗೆಲ್ಲ ಕೇಳಿದೀನಿ. ಭಾರತದಲ್ಲಿ ಲೈಸೆನ್ಸ್ ಇರೋರಿಗೆ ಯುಐಎನ್ ಅನ್ನೋ ಗುರುತಿನ ನಂಬರ್ ಇದೆ, ರಾಷ್ಟ್ರೀಯ ಡೇಟಾಬೇಸೂ ಇದೆ. ಅಮೆರಿಕದವರು ಅದನ್ನ ಒಪ್ಪಲ್ಲ, ಅವರ ಸಂವಿಧಾನ, ಅವರ ಇತಿಹಾಸ ಬೇರೆ. ಆದ್ರೆ ಹೆಸರು ಹಾಕಿ ಹುಡುಕೋದು ಬೇರೆ, ಅಪರಾಧದ ಜಾಗದಲ್ಲಿ ಸಿಕ್ಕ ಒಂದು ಗನ್ನಿನ ನಂಬರ್ ಹಾಕಿ ಹುಡುಕೋದು ಬೇರೆ. ಮೊದಲನೇದರಲ್ಲಿ ಮನುಷ್ಯನಿಂದ ಗನ್ನಿಗೆ ಹೋಗ್ತೀವಿ, ಎರಡನೇದರಲ್ಲಿ ಕೈಯಲ್ಲಿರೋ ಗನ್ನಿಂದ ಒಂದು ಸಾಲಿಗೆ ಮಾತ್ರ. ಎರಡನೇದಕ್ಕೆ ಮಾತ್ರ ಅವಕಾಶ ಕೊಡೋ ಸಾಫ್ಟ್‌ವೇರ್ ಮಾಡೋದು ಕಷ್ಟ ಅಲ್ಲ, ಹೆಸರಿನ ಕಾಲಂ ಹುಡುಕಾಟಕ್ಕೆ ಸಿಗದ ಹಾಗೆ ಇಟ್ಟು, ಯಾರು ಯಾವ ಕೇಸಿಗೆ ಯಾವ ನಂಬರ್ ಹುಡುಕಿದ್ರು ಅಂತ ಲಾಗ್ ಇಟ್ರೆ ಆಯ್ತು, ನಾನೇ ಇಂಥ ಕೆಲಸ ಬೇರೆ ಅಂಗಡಿಗಳಿಗೆ ಮಾಡಿಕೊಟ್ಟಿದೀನಿ.

ಕ್ರೈಮ್ ಗನ್ ಟ್ರೇಸಿಂಗ್ ಮಾಡರ್ನೈಸೇಷನ್ ಆಕ್ಟ್ ಅನ್ನೋ ಮಸೂದೆ ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಮಂಡನೆ ಆಗಿದೆ, ಟ್ರೇಸಿಂಗ್ ದಾಖಲೆಗಳನ್ನ ಕಂಪ್ಯೂಟರಲ್ಲಿ ಹುಡುಕೋ ಹಾಗೆ ಮಾಡೋದೇ ಅದರ ಉದ್ದೇಶ. ನನ್ನ ಕ್ಷೇತ್ರದ ಪ್ರತಿನಿಧಿಗೆ ನಾನು ಪತ್ರ ಬರೆದೆ, ಜೊತೆಗೆ ಆ ಅಂಗಡಿಯ ಹಿರಿಯರೂ ತಮ್ಮ ಹೆಸರಲ್ಲಿ ಬೇರೆ ಪತ್ರ ಬರೆದ್ರು, ಅವರು ಗನ್ ಮಾರೋರು ಅನ್ನೋ ಕಾರಣಕ್ಕೆ ನನ್ನ ಪತ್ರಕ್ಕಿಂತ ಅವರದ್ದಕ್ಕೆ ತೂಕ ಜಾಸ್ತಿ.