ಕಮ್ಯೂಟರ್ ಬೈಕಾ, ಅಡ್ವೆಂಚರ್ ಬೈಕಾ? ಎರಡನ್ನೂ ಓಡಿಸಿದ ಮೇಲೆ ನಾನು ಕಂಡುಕೊಂಡಿದ್ದು

ನನ್ನ ಹತ್ತಿರ ಎರಡು ಬೈಕುಗಳಿವೆ. ಒಂದು 100 ಸಿಸಿಯ ಕಮ್ಯೂಟರ್, ದಿನಾ ಕೆಲಸಕ್ಕೆ ಹೋಗಿ ಬರುವುದಕ್ಕೆ. ಇನ್ನೊಂದು 400 ಸಿಸಿ ದರ್ಜೆಯ ಅಡ್ವೆಂಚರ್ ಟೂರರ್, ಅಂದರೆ ದೂರದ ಪ್ರವಾಸಕ್ಕೂ ಹಾಳು ರಸ್ತೆಗೂ ಅಂತ ಮಾಡಿದ ಗಾಡಿ. ಇದು ಗೊತ್ತಿರುವ ಗೆಳೆಯರು ಬೈಕ್ ಕೊಳ್ಳುವ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾರೆ. ಹೆಚ್ಚಿನವರ ಮನಸ್ಸಿನಲ್ಲಿ ಒಂದು ಲೆಕ್ಕ ಆಗಲೇ ಕೂತಿರುತ್ತದೆ: ಹತ್ತಿರದ ಓಡಾಟಕ್ಕೆ ಸಣ್ಣ ಗಾಡಿ, ದೂರಕ್ಕೆ ದೊಡ್ಡ ಗಾಡಿ. ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡಿದ ಮೇಲೆ ನನಗೆ ಈ ಲೆಕ್ಕ ಒಪ್ಪಿಗೆ ಆಗುವುದಿಲ್ಲ. ನೋಡಬೇಕಾದ್ದು ದೂರವನ್ನಲ್ಲ. ಯಾವ ವೇಗ, ಎಂಥ ರಸ್ತೆ, ಎಷ್ಟು ಭಾರ, ಇವು ಮೂರನ್ನು.

ಟ್ಯಾಂಕಿನಿಂದಲೇ ಶುರು ಮಾಡೋಣ. ಹೀರೋ ಸ್ಪ್ಲೆಂಡರ್ ಪ್ಲಸ್ 97.2 ಸಿಸಿ ಗಾಡಿ, ಟ್ಯಾಂಕು 9.8 ಲೀಟರ್. ಲೀಟರಿಗೆ 60 ಕಿ.ಮೀ. ಅಂತ ಹಿಡಿದರೂ ಒಂದು ಟ್ಯಾಂಕಿಗೆ 580 ಕಿ.ಮೀ. ದಾಟುತ್ತದೆ. ಅಡ್ವೆಂಚರ್ ಬೈಕಾದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411ರ ಟ್ಯಾಂಕು 15 ಲೀಟರ್. ಲೀಟರಿಗೆ 30 ಹಿಡಿದರೆ 450 ಕಿ.ಮೀ. ಪೆಟ್ರೋಲ್ ಬಂಕ್ ಅಪರೂಪವಾಗಿರುವ ದಾರಿಯಲ್ಲಿ ನೆಮ್ಮದಿಯಿಂದ ಹೋಗುವುದು ಸಣ್ಣ ಗಾಡಿಯೇ, ಅಲ್ವಾ?

ಹಾಗಾದರೆ ದೊಡ್ಡ ಎಂಜಿನ್ ಯಾಕೆ ಬೇಕು? ಗಾಳಿಗೋಸ್ಕರ. ವೇಗ ಹೆಚ್ಚಿದ ಹಾಗೆ ಗಾಳಿಯನ್ನು ಸೀಳುವುದಕ್ಕೆ ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 60ರಿಂದ 90ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಗೆ ಖರ್ಚಾಗುವ ಶಕ್ತಿ ಮಾತ್ರ ಮೂರು ಪಟ್ಟಿಗೂ ಜಾಸ್ತಿ. ಎಂಟು ಕುದುರೆಶಕ್ತಿಯ ಕಮ್ಯೂಟರ್ 55-60ರಲ್ಲಿ ಇಡೀ ದಿನ ಬೇಜಾರಿಲ್ಲದೆ ಓಡುತ್ತದೆ. 80 ದಾಟಿಸಿದರೆ ಅದರ ಹತ್ತಿರ ಉಳಿಯುವುದು ಬಹಳ ಕಡಿಮೆ. ಎದುರುಗಾಳಿ ಬಂದರೆ ಟಾಪ್ ಗೇರ್ ಬಿಟ್ಟು ಇಳಿಯಲೇಬೇಕು, ಹಿಂದಿನಿಂದ ಲಾರಿ ಬಂದರೆ ದಾರಿ ಬಿಡಲೇಬೇಕು. ಹೈವೇಯಲ್ಲಿ 90-100ರಲ್ಲಿ ಸಾಗುವ ವಾಹನಗಳ ನಡುವೆ ಓವರ್‌ಟೇಕ್ ಮಾಡಲು ಶಕ್ತಿ ಉಳಿದಿರುವುದೇ ನಿಜವಾದ ಸುರಕ್ಷತೆ. ಅಲ್ಲಿ ಅಡ್ವೆಂಚರ್ ಬೈಕಿಗೆ ಸರಿಸಾಟಿ ಇಲ್ಲ.

ಎತ್ತರದ ಪ್ರದೇಶಕ್ಕೂ ಇದೇ ಮಾತು. ಪ್ರತಿ 1000 ಮೀಟರ್ ಏರಿದಾಗ ಎಂಜಿನ್ ಸುಮಾರು ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಿಮಾಲಯನ್ 411ರ ಇಪ್ಪತ್ತನಾಲ್ಕು ಕುದುರೆಶಕ್ತಿಯಲ್ಲಿ ಅಷ್ಟು ಹೋದರೆ ತಡೆದುಕೊಳ್ಳಬಹುದು. ಎಂಟರಲ್ಲಿ ಹೋದರೆ, ಹಿಂದೆ ಇನ್ನೊಬ್ಬರು ಕೂತಿದ್ದರೆ, ಏರುದಾರಿಯಲ್ಲಿ ಮೊದಲ ಗೇರೇ ಗತಿ.

ಇನ್ನು ಭಾರ. ಇದನ್ನು ಯಾರೂ ಸರಿಯಾಗಿ ತೂಗಿ ನೋಡುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಸ್ಪ್ಲೆಂಡರ್ ಸುಮಾರು 112 ಕೆ.ಜಿ., ಹಿಮಾಲಯನ್ 411 ಸುಮಾರು 199 ಕೆ.ಜಿ., ಇನ್ನೂ ದೊಡ್ಡ ಅಡ್ವೆಂಚರ್ ಬೈಕಾದ ಬಿಎಂಡಬ್ಲ್ಯು ಆರ್ 1250 ಜಿಎಸ್ 249 ಕೆ.ಜಿ. ಓಡುವಾಗ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಂತಾಗ ಗೊತ್ತಾಗುತ್ತದೆ. ಮೂತಿ ಇಳಿಜಾರಿನ ಕಡೆಗಿರುವ ಹಾಗೆ ದೊಡ್ಡ ಗಾಡಿ ನಿಲ್ಲಿಸಿ, ಆಮೇಲೆ ಸೀಟಿನ ಮೇಲೆ ಕೂತು ಕಾಲಿನಿಂದ ಹಿಂದಕ್ಕೆ ತಳ್ಳಿ ನೋಡಿ. ಸೀಟು ಎತ್ತರ, ಹಿಮ್ಮಡಿ ನೆಲಕ್ಕೆ ಮುಟ್ಟುವುದಿಲ್ಲ, ಬೆರಳ ತುದಿಯಲ್ಲಿ ಬಲ ಇಲ್ಲ. ಹಾಗಾಗಿ ನಾನು ದೊಡ್ಡ ಬೈಕನ್ನು ಯಾವಾಗಲೂ ಮೂತಿ ಮೇಲ್ಗಡೆಗೆ ಬರುವ ಹಾಗೆಯೇ ನಿಲ್ಲಿಸುತ್ತೇನೆ. ಸಣ್ಣ ಬೈಕಿನಲ್ಲಿ ಈ ಯೋಚನೆಯೇ ಬರುವುದಿಲ್ಲ. ಹಿಂದಿನ ಹ್ಯಾಂಡ್‌ರೆಸ್ಟ್ ಹಿಡಿದು ಎತ್ತಿ ಪಕ್ಕಕ್ಕೆ ಸರಿಸಿದರೆ ಆಯಿತು.

ಟ್ರಾಫಿಕ್ಕಿನಲ್ಲೂ ಅಷ್ಟೇ. ಅಗಲವಾದ ಹ್ಯಾಂಡಲ್ ಕಾರುಗಳ ಕನ್ನಡಿಯ ಎತ್ತರಕ್ಕೇ ಬರುತ್ತದೆ. ಎಂಜಿನ್ ಬಿಸಿ ತೊಡೆಗೆ ತಾಗುತ್ತದೆ. ಇನ್ನೊಂದು ವಿಷಯ ಇದೆ. ದಿನಾ ನಾಲ್ಕೈದು ಕಿ.ಮೀ. ಮಾತ್ರ ಓಡಿಸಿದರೆ ದೊಡ್ಡ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ, ಒಳಗೆ ಕೂಡಿಕೊಂಡ ತೇವಾಂಶ ಆಯಿಲ್‌ನಲ್ಲಿಯೇ ಉಳಿಯುತ್ತದೆ. ಹಾಗಾಗಿ ಸುಮ್ನೆ ಹತ್ತಿರದ ಕೆಲಸಕ್ಕೆ ನಾನು ದೊಡ್ಡದನ್ನು ತೆಗೆಯುವುದಿಲ್ಲ.

ಕೆಟ್ಟ ರಸ್ತೆಯ ಮಾತೇ ಬೇರೆ. ಅಡ್ವೆಂಚರ್ ಬೈಕಿನ ಬೆಲೆ ಸಾರ್ಥಕ ಆಗುವುದು ಇಲ್ಲಿ. ಹಿಮಾಲಯನ್ 411ರಲ್ಲಿ ಮುಂದಿನ ಚಕ್ರ 21 ಇಂಚು, ಫೋರ್ಕಿನ (ಮುಂದಿನ ಶಾಕ್ ಅಬ್ಸಾರ್ಬರ್‌ನ) ಓಡಾಟ 200 ಮಿ.ಮೀ. ಆಸುಪಾಸು, ನೆಲದಿಂದ ಎತ್ತರ 220 ಮಿ.ಮೀ. ದೊಡ್ಡ ಚಕ್ರ ಗುಂಡಿಯ ಅಂಚನ್ನು ಕಡಿಮೆ ಕೋನದಲ್ಲಿ ಮುಟ್ಟುತ್ತದೆ, ಹಾಗಾಗಿ ಬಡಿಯುವ ಬದಲು ಹತ್ತಿ ಇಳಿಯುತ್ತದೆ. ಜಲ್ಲಿ ಹರಡಿದ ದಾರಿಯಲ್ಲಿ ನಾನು ಫುಟ್‌ರೆಸ್ಟ್ ಮೇಲೆ ಎದ್ದು ನಿಲ್ಲುತ್ತೇನೆ. ಮಂಡಿಯಿಂದ ಟ್ಯಾಂಕನ್ನು ಹಿಡಿದು, ಮೊಣಕೈ ಸಡಿಲ ಬಿಟ್ಟು, ನೋಟ ದೂರಕ್ಕೆ. ಕೆಳಗೆ ಗಾಡಿ ತನ್ನ ಪಾಡಿಗೆ ಅಲ್ಲಾಡುತ್ತಿರುತ್ತದೆ, ಮೈ ಮಾತ್ರ ನೇರ ಸಾಗುತ್ತದೆ. ಹ್ಯಾಂಡಲ್ ಎತ್ತರಕ್ಕೆ ಇರುವುದು ಇದಕ್ಕೇ. ಕಮ್ಯೂಟರ್‌ನಲ್ಲಿ ಎದ್ದು ನಿಂತರೆ ಹ್ಯಾಂಡಲ್ ಕೈಗೆ ಎಟುಕುವುದಕ್ಕೆ ಬೆನ್ನು ಬಾಗಿಸಬೇಕು, ಹತ್ತು ನಿಮಿಷಕ್ಕೆ ಸೊಂಟ ಹಿಡಿದುಕೊಳ್ಳುತ್ತದೆ. ಅದೇ ದಾರಿಯಲ್ಲಿ ಕಮ್ಯೂಟರ್ ಹೋಗುವುದಿಲ್ಲ ಅಂತಲ್ಲ. ಎರಡನೇ ಗೇರಿನಲ್ಲಿ, ಗುಂಡಿ ನೋಡಿಕೊಂಡು, ನಿಧಾನಕ್ಕೆ ಹೋಗುತ್ತದೆ. ಹಗುರವಾಗಿರುವುದರಿಂದ ಕೆಸರಿನಲ್ಲಿ ಸಿಕ್ಕಿಕೊಂಡರೆ ಒಬ್ಬರೇ ಎಳೆದು ತೆಗೆಯಬಹುದು. ಭಾರದ ಗಾಡಿಗೆ ಕೆಸರಿನಲ್ಲಿ ಇನ್ನೊಬ್ಬರ ಸಹಾಯ ಬೇಕೇ ಬೇಕು.

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಡ್ರಮ್ ಬ್ರೇಕ್ ಒಂದೇ ಸಮನೆ ಒತ್ತಿದರೆ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆ ದಾರಿ ಹತ್ತುವಾಗ ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು, ಎಂಜಿನ್ನೇ ಗಾಡಿಯನ್ನು ತಡೆಯಬೇಕು. ಡಿಸ್ಕ್ ಬ್ರೇಕ್ ಮತ್ತು ಎಬಿಎಸ್ (ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ, ಅದರಲ್ಲೂ ಮಳೆಯಲ್ಲಿ, ಮನಸ್ಸಿಗೆ ಸಿಗುವ ಧೈರ್ಯ ದೊಡ್ಡದು.

ಪಂಕ್ಚರ್ ಮತ್ತು ಚೈನ್ ವಿಷಯ ಕೊಳ್ಳುವ ಮುಂಚೆ ತಿಳಿದಿರಲಿ. ಕಡ್ಡಿ ಚಕ್ರದ ಎಷ್ಟೋ ಅಡ್ವೆಂಚರ್ ಬೈಕುಗಳಲ್ಲಿ ಇನ್ನೂ ಟ್ಯೂಬ್ ಇದೆ. ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು, ರಬ್ಬರ್ ಬತ್ತಿ ತುರುಕಿ, ಗಾಳಿ ಹೊಡೆದರೆ ಮುಗಿಯಿತು. ಟ್ಯೂಬ್ ಆದರೆ ಚಕ್ರ ಬಿಚ್ಚಬೇಕು, ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸಬೇಕು. ಡಬಲ್ ಸ್ಟ್ಯಾಂಡ್ ಇಲ್ಲದಿದ್ದರೆ 200 ಕೆ.ಜಿ. ಗಾಡಿಯ ಚಕ್ರ ಬಿಚ್ಚುವುದು ಒಬ್ಬರಿಂದ ಆಗುವ ಮಾತಲ್ಲ. ನಾನು ಟೈರ್ ಲಿವರ್, ಒಂದು ಟ್ಯೂಬ್, ಪಂಪು ಇಲ್ಲದೆ ಹೊರಡುವುದಿಲ್ಲ. ಮನೆಯಲ್ಲೇ ಒಮ್ಮೆ ಹಿಂದಿನ ಚಕ್ರ ಬಿಚ್ಚಿ ಹಾಕಿ ಅಭ್ಯಾಸ ಮಾಡಿಕೊಂಡಿದ್ದೇನೆ. ಎಷ್ಟೋ ಕಮ್ಯೂಟರ್‌ಗಳ ಚೈನು ಪೂರ್ತಿ ಮುಚ್ಚಿದ ಕವರಿನೊಳಗೆ ಇರುತ್ತದೆ, ಧೂಳು ಸೇರುವುದಿಲ್ಲ. ಅಡ್ವೆಂಚರ್ ಬೈಕಿನ ಚೈನು ತೆರೆದಿರುತ್ತದೆ. ಐನೂರು ಕಿ.ಮೀ.ಗೊಮ್ಮೆ ಒರೆಸಿ, ಲ್ಯೂಬ್ ಹಾಕಬೇಕು. ಮಳೆಯಲ್ಲಿ ಅದಕ್ಕಿಂತ ಮುಂಚೆಯೇ.

ಎರಡೂ ವರ್ಗಗಳು ಹುಟ್ಟಿದ್ದೇ ಬೇರೆ ಬೇರೆ ಅಗತ್ಯಕ್ಕೆ. ಹೋಂಡಾ ಸೂಪರ್ ಕಬ್ 1958ರಲ್ಲಿ ಬಂದಾಗ ಯಾರು ಬೇಕಾದರೂ ಸುಲಭವಾಗಿ ಓಡಿಸಬಹುದಾದ ಗಾಡಿ ಅಂತಲೇ ಬಂತು. 2017ರ ಹೊತ್ತಿಗೆ ಅದರ ತಯಾರಿಕೆ 10 ಕೋಟಿ ದಾಟಿತು. ಅಡ್ವೆಂಚರ್ ವರ್ಗದ ಬಿಎಂಡಬ್ಲ್ಯು ಆರ್ 80 ಜಿ/ಎಸ್ 1980ರಲ್ಲಿ ಬಂತು, ಮರುವರ್ಷವೇ ಮರುಭೂಮಿ ದಾಟುವ ಪ್ಯಾರಿಸ್-ಡಾಕರ್ ರ‍್ಯಾಲಿ ಗೆದ್ದಿತು. ಒಂದರ ಗುಣವನ್ನು ಇನ್ನೊಂದರಲ್ಲಿ ಹುಡುಕಿದರೆ ಎರಡಕ್ಕೂ ಅನ್ಯಾಯ ಅಂತ ನನಗೆ ನಿಜಕ್ಕೂ ಅನಿಸುತ್ತದೆ.

ನಾನು ಮಾಡುವುದು ಇಷ್ಟು. ಒಬ್ಬನೇ, ಸಣ್ಣ ರಸ್ತೆಗಳಲ್ಲಿ, ಅವಸರವಿಲ್ಲದೆ ಹೋಗುವುದಾದರೆ ಎಷ್ಟೇ ದೂರವಾದರೂ ಕಮ್ಯೂಟರ್ ತೆಗೆಯುತ್ತೇನೆ. ಹಿಂದೆ ಜನ, ಜೊತೆಗೆ ಲಗೇಜು, ಹೈವೇ ಅಥವಾ ಹಾಳು ರಸ್ತೆ ಇದ್ದರೆ ದೊಡ್ಡದು. ಒಂದೇ ಬೈಕ್ ಕೊಳ್ಳಲು ಸಾಧ್ಯ ಅನ್ನುವವರಿಗೆ ಕಮ್ಯೂಟರ್ ತಗೊಂಡು, ಪ್ರವಾಸಕ್ಕೆ ಅಡ್ವೆಂಚರ್ ಬೈಕನ್ನು ಬಾಡಿಗೆಗೆ ತೆಗೆದುಕೊಳ್ಳಿ ಅಂತ ಹೇಳುತ್ತೇನೆ. ಇಲ್ಲ, ದೊಡ್ಡದೇ ಬೇಕು ಅನ್ನುವವರು ಟೆಸ್ಟ್ ರೈಡಿಗೆ ಹೋದಾಗ ಬರೀ ವೇಗ ನೋಡಬೇಡಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಕಿರಿದಾದ ಜಾಗದಲ್ಲಿ ಪೂರ್ತಿ ಹ್ಯಾಂಡಲ್ ತಿರುಗಿಸಿ ಯೂ-ಟರ್ನ್ ಮಾಡಿ. ಎಂಜಿನ್ ಆಫ್ ಮಾಡಿ, ಕೆಳಗಿಳಿದು, ಗಾಡಿಯನ್ನು ಕೈಯಿಂದ ಹಿಂದಕ್ಕೆ ಮುಂದಕ್ಕೆ ತಳ್ಳಿ ನೋಡಿ. ಅಲ್ಲಿ ಕಷ್ಟ ಅನಿಸಿದರೆ ಅದಕ್ಕಿಂತ ಹಗುರವಾದ, 160 ಕೆ.ಜಿ. ಒಳಗಿನ 200 ಸಿಸಿ ಅಡ್ವೆಂಚರ್ ಬೈಕುಗಳನ್ನೂ ಒಮ್ಮೆ ಓಡಿಸಿ.